ಮುತ್ತಜ್ಜ ಮಲಗಿದ್ದ ಬಂಗಲೆ

ಬರೆಯದೆ ತುಂಬಾ ದಿನಗಳಾದವು. ಕೆಲಸದ ನೆಪ ಹೇಳಬಹುದು, ಆದರೆ ನಿಜವಾದ ಕಾರಣ ಸೋಮಾರಿತನ. ಈ ಸಲ ಬರೆಯದೇ ಇರೋಕೆ ಆಗಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಕುಮಟಾ ಹತ್ತಿರ, ಅಘನಾಶಿನಿ ಹಿನ್ನೀರಿನ ದಂಡೆಯಲ್ಲಿರೋ ಒಂದು ಹಳೇ ಬಂಗಲೆಯಲ್ಲಿ ಎರಡು ರಾತ್ರಿ ಇದ್ದು ಬಂದೆ. ಆ ಎರಡು ರಾತ್ರಿಗಿಂತ ಅದರ ಹಿಂದಿನ ಎರಡು ತಿಂಗಳು ನಾನು ಓದಿದ್ದೇ ಹೆಚ್ಚು. ಯಾಕೆ ಅಂತ ಹೇಳ್ತೀನಿ.

ನಮ್ಮೂರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ಸಮುದ್ರಕ್ಕೂ ನಮಗೂ ಏನೂ ಸಂಬಂಧ ಇಲ್ಲ. ನೀರು ಅಂದರೆ ಕೆರೆ, ಅಷ್ಟೇ. ಆದರೆ ನಮ್ಮ ಮನೆಯಲ್ಲಿ ಒಂದು ಮಾತು ನಡೆದುಕೊಂಡು ಬಂದಿದೆ. ಮದುವೆ, ಮುಂಜಿ, ತಿಥಿ ಯಾವುದೇ ಇರಲಿ, ನಾಲ್ಕು ಜನ ಕೂತು ಎಲೆಅಡಿಕೆ ಹಾಕಿಕೊಂಡರೆ ಅಪ್ಪ ಶುರು ಮಾಡೋದು ಅದೇ. "ನಮ್ಮ ಮುತ್ತಜ್ಜ ಅಂದ್ರ ಸಾಮಾನ್ಯ ಅಲ್ಲ. ಕುಮಟಾದಾಗ ಸಾಹೇಬ್ರ ಬಂಗಲೇದಾಗ ಮಲಗಿ ಬಂದಾಂವ." ಅಪ್ಪನಿಗೆ ಇದನ್ನು ಹೇಳಿದ್ದು ಅಪ್ಪನ ಅಜ್ಜ. ಅಂದರೆ ಮುತ್ತಜ್ಜನ ಸ್ವಂತ ಮಗ. ನಡುವೆ ಒಂದೇ ಬಾಯಿ, ಹಾಗಾಗಿ ಸುಳ್ಳು ಅಂತ ತಳ್ಳಿಹಾಕೋಕೂ ಆಗಲ್ಲ. ಚಕ್ಕಡಿ ಹೂಡಿಕೊಂಡು ಬಾಡಿಗೆಗೆ ಹತ್ತಿ ಹೇರಿಕೊಂಡು ಘಟ್ಟ ಇಳಿದು ಕುಮಟಾಕ್ಕೆ ಹೋಗ್ತಿದ್ದನಂತೆ, ಬರುವಾಗ ಉಪ್ಪು ತರ್ತಿದ್ದನಂತೆ.

ಚಿಕ್ಕವನಿದ್ದಾಗ ಬಂಗಲೆ ಭಾಗ ಕೇಳಿ ಖುಷಿ ಆಗ್ತಿತ್ತು. ದೊಡ್ಡವನಾದ ಮೇಲೆ ಅನುಮಾನ ಬಂತು. ಬ್ರಿಟಿಷರ ಕಾಲದಲ್ಲಿ ಬಾಡಿಗೆ ಚಕ್ಕಡಿ ಹೊಡೆಯುವವನನ್ನು ಸಾಹೇಬರ ಬಂಗಲೆಯೊಳಗೆ ಯಾರು ಬಿಟ್ಟುಕೊಳ್ತಾರೆ?

ಮೊದಲು ಹತ್ತಿ ವಿಷಯ. ಇದು ಕಟ್ಟುಕತೆ ಅಲ್ಲವೇ ಅಲ್ಲ. ಧಾರವಾಡ ಜಿಲ್ಲೆಯಲ್ಲಿ (ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ, ಅಲ್ಲೀವರೆಗೆ ನಾವೂ ಧಾರವಾಡದವರೇ) ಬೆಳೆಯುತ್ತಿದ್ದ ಜವಾರಿ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಇದ್ದ ಹೆಸರೇ "ಕುಮಟಾ ಹತ್ತಿ". ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ, ಅಲ್ಲಿನ ಮಳೆಗೆ ಹತ್ತಿ ಬದುಕೋದೂ ಇಲ್ಲ. ಹಡಗು ಹತ್ತಿದ ಊರಿನ ಹೆಸರು ಬೆಳೆಗೆ ಅಂಟಿಕೊಂಡಿತು. ಬ್ಯಾಡಗಿ ಮೆಣಸಿನಕಾಯಿಯಂತೆಯೇ. ಬ್ಯಾಡಗಿ ಮೆಣಸಿನಕಾಯಿ ಅಂತ ಮಾರೋದೆಲ್ಲ ಬ್ಯಾಡಗಿಯಲ್ಲೇ ಬೆಳೆದದ್ದಾ?

ನಮ್ಮ ಕಡೆ ಜವಾರಿ ಹತ್ತಿ ಹಿಂಗಾರಿ ಬೆಳೆ. ಮಳೆಗಾಲದ ಕೊನೆಗೆ ಬಿತ್ತಿದರೆ ಬಿಡಿಸೋದು ಶಿವರಾತ್ರಿಯ ಆಜೂಬಾಜು ಶುರು, ಯುಗಾದಿ ದಾಟಿ ಹೋಗುತ್ತೆ. ಆ ಕಡೆ ಕುಮಟಾ ಬಂದರು ಜೂನ್ ಬಂತೆಂದರೆ ಬಂದ್. ಬಯಲು ಸಮುದ್ರದ ಬಂದರು ಅದು, ಮುಂಗಾರಿನಲ್ಲಿ ಹಾಯಿ ಹಡಗು ನಿಲ್ಲೋ ಹಾಗಿಲ್ಲ. ಹೀಗಾಗಿ ಮಾರ್ಚ್‌ನಿಂದ ಮೇ ಕೊನೆಯೊಳಗೆ ಹತ್ತಿ ಬಿಡಿಸಿ, ಬೀಜ ತೆಗೆದು, ಅಂಡಿಗೆ ಕಟ್ಟಿ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿಸಿ, ಪತೇಮಾರಿಗೆ ಏರಿಸಬೇಕು. ತಪ್ಪಿದರೆ ನಾಲ್ಕು ತಿಂಗಳು ಕುಮಟಾದ ವಖಾರಿಯಲ್ಲಿ ಥಂಡಿ ಕುಡಿಯುತ್ತಾ ಬಿದ್ದಿರಬೇಕು. ಆ ಎರಡು ಮೂರು ತಿಂಗಳು ಘಟ್ಟದ ದಾರಿ ಹೇಗಿದ್ದಿರಬೇಕು ಯೋಚನೆ ಮಾಡಿ. ಚಕ್ಕಡಿ ಹಿಂದೆ ಚಕ್ಕಡಿ. ನಮ್ಮ ಆಫೀಸಿನಲ್ಲಿ ರಿಲೀಸ್ ಹಿಂದಿನ ವಾರ ನಡೆಯೋ ಗಡಿಬಿಡಿ ನೆನಪಾಯ್ತು ನನಗೆ :-)

ಚಿಕ್ಕೇರೂರಿನಿಂದ ಶಿರಸಿ, ಶಿರಸಿಯಿಂದ ಕುಮಟಾ ಇನ್ನೂ ಅರವತ್ತು ಕಿಲೋಮೀಟರ್. ತುಂಬಿದ ಚಕ್ಕಡಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆದರೆ ದೊಡ್ಡದು. ಅಂದರೆ ಇಳಿಯೋಕೆ ಒಂದು ವಾರ, ಬರೋಕೆ ಒಂದು ವಾರ, ಅಲ್ಲಿ ತೂಕ, ಸರದಿ ಅಂತ ಕಾಯೋದು ಬೇರೆ.

ಇಲ್ಲಿ ಒಂದು ವಿಚಿತ್ರ ಇತ್ತು. ಹತ್ತಿ ಬೆಳೆಯೋ ಧಾರವಾಡ ಮುಂಬಯಿ ಸರಕಾರದ ಕೆಳಗೆ, ಅದು ಇಳಿಯೋ ಘಟ್ಟ ಮತ್ತು ಬಂದರು ಮದ್ರಾಸ್ ಸರಕಾರದ ಕೆಳಗೆ. ಒಬ್ಬರ ರಸ್ತೆ ರಿಪೇರಿಗೆ ಇನ್ನೊಬ್ಬರು ಯಾಕೆ ದುಡ್ಡು ಹಾಕ್ತಾರೆ? ಮ್ಯಾಂಚೆಸ್ಟರಿನ ಗಿರಣಿಯವರು, ಮುಂಬಯಿಯ ವ್ಯಾಪಾರಿಗಳು ಗಲಾಟೆ ಎಬ್ಬಿಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತ ಮೇಲಂತೂ ಅವರ ಬಾಯಿಗೆ ಕೈ ಅಡ್ಡ ಇಡುವವರೇ ಇಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಕನ್ನಡದವರು ಏಕೀಕರಣದ ತನಕ ಎರಡು ಪ್ರಾಂತ್ಯಗಳಲ್ಲಿ ಹಂಚಿಹೋಗಿದ್ದಕ್ಕೆ ಒಂದು ದೊಡ್ಡ ಕಾರಣ ನಮ್ಮ ಎರೆಹೊಲದ ಹತ್ತಿ ಅಂದರೆ ನಂಬೋದು ಕಷ್ಟ. ಆದರೆ ನಿಜ.

ಯುದ್ಧದ ಆ ನಾಲ್ಕು ವರ್ಷ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಬೆಲೆ ಏರಿದರೆ ಏನಾಗುತ್ತೆ ಗೊತ್ತಲ್ಲ, ಅಂಡಿಗೆಯೊಳಗೆ ಬೀಜ, ಮಣ್ಣು, ನೀರು ಎಲ್ಲಾ ಸೇರಿತು. ಅದನ್ನು ತಡೆಯೋಕೇ ಅಂತ ಮುಂಬಯಿ ಸರಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆ ಕಾಯ್ದೆ ಮಾಡಿ ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಧೊಪ್ಪನೆ ಬಿತ್ತು. ಮುಂಬಯಿಯಲ್ಲಿ ಪ್ರೇಮಚಂದ ರಾಯಚಂದನಂಥ ಸಾಹುಕಾರನೇ ದಿವಾಳಿ ಎದ್ದ. ಆದರೆ ಕುಮಟಾಕ್ಕೆ ಹೋಗೋ ಚಕ್ಕಡಿ ನಿಲ್ಲಲಿಲ್ಲ. ನಿಂತದ್ದು 1880ರ ದಶಕದ ಕೊನೆಗೆ, ರೈಲು ಬಂದ ಮೇಲೆ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವೆಯ ಮರ್ಮಗೋವಾಕ್ಕೆ ಹಳಿ ಬಿತ್ತು. ಹಾವೇರಿ ಮೇಲೆ ಹರಿಹರದ ಕಡೆಗೂ ಬಿತ್ತು. ಹಾವೇರಿ ಸ್ಟೇಷನ್ನಿನಲ್ಲೇ ಅಂಡಿಗೆ ಇಳಿಸಬಹುದು ಅಂದ ಮೇಲೆ ದೇವಿಮನೆ ಘಟ್ಟ ಯಾರಿಗೆ ಬೇಕು? ಯಾವ ಕಾರವಾರ ಬಂದರಿನ ಆಸೆಗೆ ಒಂದು ಜಿಲ್ಲೆಯನ್ನೇ ವರ್ಗ ಮಾಡಿದ್ದರೋ ಆ ಕಾರವಾರ ರೈಲು ಕಂಡಿದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆ ಬಂದಾಗ!

ಲೆಕ್ಕ ಹಾಕಿದರೆ ನಮ್ಮ ಮುತ್ತಜ್ಜನ ಹರೆಯ ಸರಿಯಾಗಿ ಆ ಕೊನೆಯ ವರ್ಷಗಳಲ್ಲೇ ಬರುತ್ತೆ. ಕುಮಟಾ ಮಾತು ಸರಿ. ಉಪ್ಪಿನ ಮಾತೂ ಸರಿ. ಉಳಿದಿದ್ದು ಬಂಗಲೆ.

ಬಂಗಲೆ ಅನ್ನೋ ಪದ ಬಂದಿದ್ದೇ ಬಂಗಾಲದಿಂದ. ಹುಲ್ಲು ಹೊದಿಸಿದ, ಸುತ್ತ ಪಡಸಾಲೆ ಇರೋ ಅಲ್ಲಿನ ಮನೆಯ ನಮೂನೆ. ಅದನ್ನು ಇಂಗ್ಲಿಷರು ತಮಗೆ ಬೇಕಾದ ಹಾಗೆ ಬೆಳೆಸಿಕೊಂಡು ದೇಶದ ತುಂಬಾ ಕಟ್ಟಿದರು. ಮೊದಲ ಕಾಲದವರಿಗೆ ಅದೂ ಇರಲಿಲ್ಲ. ಟಿಪ್ಪು ಸತ್ತ ಮೇಲೆ, 1800-01ರಲ್ಲಿ, ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರು ಸುತ್ತಿ ನೋಡಿ ಬಾ ಅಂತ ಕಳಿಸಿದರು. ಹೊನ್ನಾವರ, ಮಿರ್ಜಾನ, ಗೋಕರ್ಣ ಎಲ್ಲಾ ನೋಡಿದವನು ಆತ. ಹೊನ್ನಾವರದ ಹಿನ್ನೀರನ್ನು ಜನ ಹೊಳೆ ಅಂತಾರೆ, ಆದರೆ ಇದನ್ನು ಸರೋವರ ಅನ್ನೋದೇ ಸರಿ ಅಂತ ಬರೆದಿದ್ದಾನೆ. ಅವನಿಗೆ ಡೇರೆಯೇ ಗತಿ. 1840ರ ದಶಕದ ಹೊತ್ತಿಗೆ ದೊಡ್ಡ ದಾರಿಗಳಲ್ಲಿ ಡಾಕ್ ಬಂಗಲೆಗಳು ಎದ್ದವು. ಆಮೇಲೆ ಡಾಲ್‌ಹೌಸಿಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು, ಬಂಗಲೆಗಳು ಅದರ ಕೈಗೆ ಬಂದವು. ಇವತ್ತು ತಾಲೂಕು ಊರುಗಳಲ್ಲಿ ನಾವು ಐ.ಬಿ. ಅಂತ ಕರೆಯೋದು, ಬೋರ್ಡಿನ ಮೇಲೆ ಪ್ರವಾಸಿ ಮಂದಿರ ಅಂತ ಬರೆದಿರೋದು, ಇವೆಲ್ಲಾ ಅದೇ ಬಳ್ಳಿಯ ಕಾಯಿಗಳು.

ಆದರೆ ಅದು ಯಾರಿಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಮುಂಬಯಿ ಪ್ರಾಂತ್ಯದ ಹಳೇ ಗೆಜೆಟಿಯರುಗಳಲ್ಲಿ. ಕೆನರಾ ಸಂಪುಟ 1883ರದ್ದು, ಧಾರವಾಡ ಸಂಪುಟ 1884ರದ್ದು, ಎರಡನ್ನೂ ಮಾಡಿಸಿದ್ದು ಜೇಮ್ಸ್ ಕ್ಯಾಂಪ್ಬೆಲ್. ನಮ್ಮ ತಾಲೂಕು ಆಗ ಕೋಡ ತಾಲೂಕು. ರಸ್ತೆ, ನಾಕಾ, ದೋಣಿ, ಛತ್ರ ಎಲ್ಲವನ್ನೂ ಎಣಿಸಿ ಬರೆದಿಟ್ಟಿದ್ದಾರೆ. (ಅವರ ಬಗ್ಗೆ ಏನೇ ಸಿಟ್ಟಿರಲಿ, ಲೆಕ್ಕ ಇಡೋದರಲ್ಲಿ ಮೆಚ್ಚಲೇಬೇಕು.) ಆ ಲೆಕ್ಕದಲ್ಲಿ ಜಿಲ್ಲಾ ಅಧಿಕಾರಿಗಳ ಬಂಗಲೆ ಬೇರೆ, ಯುರೋಪಿನ ಪ್ರಯಾಣಿಕರ ಬಂಗಲೆ ಬೇರೆ, ದೇಶೀ ಜನರ ಧರ್ಮಶಾಲೆ ಬೇರೆ. ಚಕ್ಕಡಿಯವರಿಗೆ ಧರ್ಮಶಾಲೆ. ಅದು ತುಂಬಿದ್ದರೆ ಚಕ್ಕಡಿಯ ಅಡಿ.

ದೇಶೀಯರು ಬಂಗಲೆಯೊಳಗೆ ಕಾಲಿಡಲೇ ಇಲ್ಲ ಅಂತಲ್ಲ. ಇದೇ ಕರಾವಳಿಯಲ್ಲಿ, ಅದೇ ವರ್ಷಗಳಲ್ಲಿ, ಇಡೀ ದೇಶಕ್ಕೆ ಗೊತ್ತಿರೋ ಒಂದು ಉದಾಹರಣೆ ಇದೆ. ಸತ್ಯೇಂದ್ರನಾಥ ಟ್ಯಾಗೋರ್ 1863ರಲ್ಲಿ ಐ.ಸಿ.ಎಸ್. ಪಾಸು ಮಾಡಿದ ಮೊದಲ ಭಾರತೀಯ. ಆತ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ, ಇಪ್ಪತ್ತೆರಡು ವರ್ಷದ ರವೀಂದ್ರನಾಥ, ಬಂದು ಅಣ್ಣನ ಬಂಗಲೆಯಲ್ಲಿ ಉಳಿದ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯೊಳಗೆ ಹೋಗಿದ್ದು, ಬೆಟ್ಟದ ಮೇಲೆ ಶಿವಾಜಿಯ ಕಾಲದ ಕೋಟೆ ನೋಡಿದ್ದು, ಒಬ್ಬ ರೈತನ ಅಂಗಳದಲ್ಲಿ ಊಟ ಮಾಡಿದ್ದು, ಅಳಿವೆಯ ಹತ್ತಿರ ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದ್ದು ಎಲ್ಲವನ್ನೂ ಜೀವನಸ್ಮೃತಿಯಲ್ಲಿ ನೆನೆಸಿಕೊಂಡಿದ್ದಾರೆ. "ಪ್ರಕೃತಿರ್ ಪ್ರತಿಶೋಧ" ನಾಟಕ ಬರೆದದ್ದೂ ಕಾರವಾರದಲ್ಲೇ. ಅಂದರೆ ಬಂಗಲೆಯ ಬಾಗಿಲು ತೆರೆಯಬೇಕಾದರೆ ಮನೆಯಲ್ಲಿ ಒಬ್ಬರು ಜಡ್ಜ್ ಸಾಹೇಬರು ಇರಬೇಕು. ಅದೇ ವರ್ಷ, ಅದೇ ಜಿಲ್ಲೆಯಲ್ಲಿ, ನಮ್ಮ ಮುತ್ತಜ್ಜನೂ ಎಲ್ಲೋ ಎತ್ತು ಬಿಚ್ಚಿ ಮಲಗಿದ್ದಿರಬಹುದು. ಟ್ಯಾಗೋರರು ಉಂಡ ಅಂಗಳದ ರೈತನ ಹೆಸರಂತೂ ಯಾರಿಗೂ ಗೊತ್ತಿಲ್ಲ.

ಇಷ್ಟು ಓದಿಕೊಂಡ ಮೇಲೆ ನನಗೊಂದು ಸಂಕಟ ಶುರುವಾಯ್ತು. ಇದನ್ನು ಅಪ್ಪನಿಗೆ ಹೇಳಬೇಕಾ ಬೇಡವಾ? ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು. ಅಪ್ಪ ಸಮುದ್ರವನ್ನೂ ಸರಿಯಾಗಿ ನೋಡಿದವರಲ್ಲ. ಗೋಕರ್ಣಕ್ಕೆ ಒಮ್ಮೆ ಅಸ್ಥಿ ಬಿಡೋಕೆ ಹೋಗಿದ್ದು, ಆಗ ನೋಡಿದ್ದು ಲೆಕ್ಕಕ್ಕಿಲ್ಲ ಅಂತಾರೆ. ಮೊದಲು ಕರೆದುಕೊಂಡು ಹೋಗೋಣ, ಆಮೇಲೆ ನೋಡೋಣ ಅಂದುಕೊಂಡೆ.

ಚಿಕ್ಕೇರೂರು ಬಿಟ್ಟು ಹಾನಗಲ್ ಮೇಲೆ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ. ಹಾವೇರಿ-ಶಿರಸಿ-ಕುಮಟಾ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 766ಇ. ಅಂಕಿ ಬಂದಿದೆ, ದಾರಿ ಹಳೇ ಹತ್ತಿಯದ್ದೇ. ಘಟ್ಟದಲ್ಲಿ ಅಪ್ಪ ಕಿಟಕಿಗೆ ಮುಖ ಹಚ್ಚಿಕೊಂಡು ಕೂತಿದ್ದರು. ಒಂದು ತಿರುವಿನಲ್ಲಿ "ಇಲ್ಲಿ ಎತ್ತು ಹೆಂಗ ತಡದ್ವೋ ಏನೋ" ಅಂದರು, ಅಷ್ಟೇ. ಇಳಿಯುವಾಗ ಚಕ್ಕಡಿ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸ್ತಿದ್ದರಂತೆ, ಬ್ರೇಕಿನ ಬದಲು. ಇದೂ ಅಪ್ಪನ ಅಜ್ಜ ಹೇಳಿದ್ದೇ.

ಬಂಗಲೆ ಇರೋದು ಕುಮಟಾ ಪೇಟೆಯಿಂದ ಹೆಗಡೆ ಕಡೆ ಹೋಗಿ, ತೋಟ ದಾಟಿ, ಹಿನ್ನೀರಿನ ದಂಡೆಗೆ. ಸರಕಾರಿ ಅಲ್ಲ, ಒಂದು ಮನೆತನದ್ದು. ಹತ್ತಿಯ ಕಾಲದಲ್ಲಿ ವಖಾರಿ ಇಟ್ಟಿದ್ದ ಸಾಹುಕಾರನೊಬ್ಬ ಕಟ್ಟಿಸಿದ್ದು, ಬೇಸಿಗೆಯಲ್ಲಿ ಸಾಹೇಬರಿಗೆ ಬಾಡಿಗೆಗೆ ಕೊಡ್ತಿದ್ದ ಅಂತ ಅಲ್ಲಿಯವರ ಮಾತು. ಫೋಟೋ ನೋಡಿ ರೆಸಾರ್ಟ್ ಅಂದುಕೊಂಡು ಹೋಗೋರಿಗೆ ನಿರಾಸೆ ಗ್ಯಾರಂಟಿ. ಚಿರೆಕಲ್ಲಿನ ದಪ್ಪ ಗೋಡೆ, ಮೂರು ಕಡೆ ಪಡಸಾಲೆ, ಎರಡು ಕೋಣೆ, ಕಿರಗುಟ್ಟುವ ಮಂಚ, ಸೊಳ್ಳೆ ಪರದೆ. ಬಚ್ಚಲು ಹೊರಗೆ, ನೀರು ಬಾವಿಯದ್ದು. ಕರೆಂಟು ಬಂದರೆ ಬಂತು.

ಒಂದು ಮಜಾ ಹೇಳ್ತೀನಿ. ಹಿತ್ತಲಲ್ಲಿ ಪೇರಿಸಿಟ್ಟಿದ್ದ ಹಳೇ ಹೆಂಚು ಒಂದನ್ನು ತಿರುವಿ ನೋಡಿದೆ, ಬಾಸೆಲ್ ಮಿಷನ್ ಮುದ್ರೆ, ಕೆಳಗೆ 1865 ಅಂತ ಇದೆ! ಕುಣಿದಾಡಿಬಿಟ್ಟೆ. ಬಂಗಲೆಯ ವರ್ಷ ಸಿಕ್ಕಿತು, ಅಂತರ್ಯುದ್ಧ ಮುಗಿದ ವರ್ಷವೇ ಅಂತ ಅಪ್ಪನಿಗೂ ಹೇಳಿದೆ. ರಾತ್ರಿ ಸಿಗ್ನಲ್ ಸಿಕ್ಕಾಗ ಹುಡುಕಿದರೆ, 1865 ಅನ್ನೋದು ಜರ್ಮನ್ ಮಿಷನರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನೇ ಆಮೇಲೂ ಹೆಂಚಿನ ಮೇಲೆ ಒತ್ತುತ್ತಿದ್ದರು. ಹೆಂಚು ಯಾವಾಗಿನದಾದರೂ ಇರಬಹುದು. ನಿಮ್ಮಲ್ಲಿ ಯಾರಾದರೂ ಊರಿನ ಮನೆ 1865ರದ್ದು ಅಂತ ಹೇಳಿಕೊಂಡು ತಿರುಗ್ತಿದ್ದರೆ ಕ್ಷಮಿಸಿ.

ಸಂಜೆ ಭರತದ ನೀರು ಪಡಸಾಲೆಯ ಮೆಟ್ಟಿಲಿನ ತನಕ ಬಂದಿತ್ತು. ಆಚೆ ದಂಡೆಯಲ್ಲಿ ತದಡಿಯ ದೀಪಗಳು. ಅದರಾಚೆ ಗೋಕರ್ಣ, ಇತ್ತ ಒಳಗೆ ಚಿತ್ತಾಲರ ಹನೇಹಳ್ಳಿ. ಬೆಳಿಗ್ಗೆ ಎದ್ದು ನೋಡಿದರೆ ನೀರೇ ಇಲ್ಲ! ಅರ್ಧ ಹಿನ್ನೀರು ಕೆಸರು ಬಯಲಾಗಿತ್ತು. ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ಬಳಚು ಹೆಕ್ಕುತ್ತಿದ್ದರು. ಅಪ್ಪ ಗಾಬರಿಯಾಗಿ "ಲೇ ತಮ್ಮಾ, ಕೆರಿ ಒಡೀತೇನೋ" ಅಂದರು. ನಗಬಾರದಿತ್ತು, ನಕ್ಕುಬಿಟ್ಟೆ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಹಾಗೇ ಇಲ್ಲಿಗೆ ಬರುತ್ತೆ. ಸಿಹಿ ನೀರು ಉಪ್ಪು ನೀರು ಸೇರೋ ಜಾಗದಲ್ಲಿ ಗಜನಿ ಗದ್ದೆ, ಅದರಲ್ಲಿ ಕಗ್ಗ ಅನ್ನೋ ಭತ್ತ, ಉಪ್ಪು ನೀರನ್ನೂ ತಡೆದುಕೊಳ್ಳುತ್ತೆ, ಗೊಬ್ಬರ ಕೇಳಲ್ಲ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಹಿಂದೆ ಇದೇ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರೋಕೆ ಹೊರಟಿದ್ದರು, ಜನ ಬಿಡಲಿಲ್ಲ. ಬಂಗಲೆ ನೋಡಿಕೊಳ್ಳುವ ಅಕ್ಕ ಮಧ್ಯಾಹ್ನ ಕಗ್ಗದ ಅಕ್ಕಿಯ ಗಂಜಿ ಮಾಡಿದ್ದರು. ಅಪ್ಪ ಊರಿಂದ ಕಟ್ಟಿಕೊಂಡು ಬಂದಿದ್ದ ಕಟಗ ರೊಟ್ಟಿ, ಶೇಂಗಾ ಚಟ್ನಿ ಅವರಿಗೂ ಕೊಟ್ಟರು. "ಇದೆಂತ, ಹಪ್ಪಳ ಇದ್ದಂಗೆ ಇದೆ" ಅಂದರು ಆಕೆ.

ಊಟ ಆದ ಮೇಲೆ ಮಿರ್ಜಾನದ ಮೇಲೆ ಸುತ್ತಿ ಸಾಣಿಕಟ್ಟಾಕ್ಕೆ ಹೋದೆವು. ಉಪ್ಪಿನ ಆಗರಗಳು. ಬಿಸಿಲಿಗೆ ಕಣ್ಣು ಬಿಡೋಕೆ ಆಗಲ್ಲ, ಅಷ್ಟು ಬೆಳ್ಳಗೆ. ಹತ್ತಿ ಇಳಿಸಿದ ಚಕ್ಕಡಿ ಖಾಲಿ ಹೋದರೆ ನಷ್ಟ, ಅದಕ್ಕೆ ಘಟ್ಟದ ಮೇಲಿನವರು ಉಪ್ಪು, ತೆಂಗಿನಕಾಯಿ ಹೇರಿಕೊಂಡು ಹೋಗ್ತಿದ್ದರು. ಹೊಳೆಯ ಒಳಗಡೆ ಉಪ್ಪಿನಪಟ್ಟಣ ಅಂತಲೇ ಒಂದು ಊರಿದೆ. ಉಪ್ಪು ಅಗ್ಗ, ಆದರೆ ಮೇಲಿನ ತೆರಿಗೆ ಅಲ್ಲ. 1882ರಲ್ಲಿ ಒಂದು ಮಣಕ್ಕೆ ಎರಡು ರೂಪಾಯಿ, 1888ರಲ್ಲಿ ಎರಡೂವರೆ. ಒಂದು ಮಣ ಅಂದರೆ ಈಗಿನ ಮೂವತ್ತೇಳು ಕಿಲೋ. ಮುಂದೆ 1930ರ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಎದ್ದದ್ದು ಸುಮ್ಮನೆ ಅಲ್ಲ.

ಅಪ್ಪ ಒಂದು ಹಿಡಿ ಉಪ್ಪು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಐದು ಕಿಲೋ ಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ. ಬಂಗಲೆ ಬೇರೆ, ಧರ್ಮಶಾಲೆ ಬೇರೆ ಇತ್ತು, ಚಕ್ಕಡಿಯವರನ್ನು ಒಳಗೆ ಬಿಡ್ತಿರಲಿಲ್ಲ, ಪುಸ್ತಕದಲ್ಲಿದೆ ಅಂತ. ಅಪ್ಪ ಏನೂ ಅನ್ನಲಿಲ್ಲ. ನನಗೇ ಕೆಟ್ಟದೆನಿಸಿ, ಸಾಹುಕಾರನ ಬಂಗಲೆ ಇದ್ದಿರಬಹುದು, ಅಂಡಿಗೆ ಕಾಯೋಕೆ ಪಡಸಾಲೆಯಲ್ಲಿ ಮಲಗಿಸಿರಬಹುದು, ಹತ್ತಿಗೆ ಬೆಂಕಿ, ಕಳ್ಳರ ಭಯ ಇದ್ದೇ ಇರುತ್ತಲ್ಲ ಅಂತೆಲ್ಲ ಸೇರಿಸಿದೆ. ಇದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ, ಊಹೆ ಮಾತ್ರ. ಆದರೆ ನಮ್ಮಜ್ಜ ಸುಳ್ಳು ಹೇಳಿದ ಅನ್ನೋದಕ್ಕಿಂತ ಇದೇ ನನಗೆ ಸರಿ ಕಾಣುತ್ತೆ. ಊರಿಗೆ ಬಂದು ಹೇಳುವಾಗ ಪಡಸಾಲೆ ಅನ್ನೋದು ಬಿಟ್ಟುಹೋಗಿ ಬಂಗಲೆ ಉಳಿದಿರುತ್ತೆ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೇಳಿದರು, "ಎತ್ತಿಗೆ ಎಲ್ಲಿ ಜಾಗಾ ಕೊಡ್ತಿದ್ರಂತ? ಪುಸ್ತಕದಾಗ ಐತೇನು?"

ಅದು ನಾನು ನೋಡಿರಲಿಲ್ಲ.

ಆ ರಾತ್ರಿ ಕರೆಂಟು ಹೋಯ್ತು. ಅಪ್ಪ ಚಾಪೆ, ದಿಂಬು ಎತ್ತಿಕೊಂಡು ಎದ್ದರು. "ಒಳಗ ಭಾಳ ಧಗಿ ಐತಿ, ಹೊರಗ ಮಕ್ಕೋತೀನಿ" ಅಂದು ಪಡಸಾಲೆಯಲ್ಲಿ ಹಾಸಿಕೊಂಡರು. ಸೊಳ್ಳೆ ಕಚ್ಚುತ್ತೆ ಅಂದೆ, ಕೇಳಲಿಲ್ಲ. ನಾನೂ ನನ್ನ ಚಾಪೆ ತಂದು ಪಕ್ಕದಲ್ಲಿ ಹಾಕಿಕೊಂಡೆ. ಭರತ ಏರುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಉಪ್ಪಿನ ಚಕ್ಕಡಿ ಘಟ್ಟ ಏರೋಕೆ ಎಷ್ಟು ದಿನ ಹಿಡೀತಿತ್ತು ಅಂತ ಕೇಳಿದರು. ನಾನು ನನ್ನ ಲೆಕ್ಕ ಹೇಳುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಉಪ್ಪು ಈಗ ಮನೆಯಲ್ಲಿದೆ. ಕಾಳು ಭಾಳ ದಪ್ಪ, ಸಾರಿಗೆ ಹಾಕಿದರೆ ಅಂದಾಜು ಸಿಗಲ್ಲ ಅಂತ ಅವ್ವ ಬೈದು, ಮಾವಿನ ಉಪ್ಪಿನಕಾಯಿಗೆ ಇಟ್ಟಿದ್ದಾಳೆ.